ಒಂದೇ ಸರ್ವರ್, ಎರಡು ಆ್ಯಪ್: ಬೇರೆ ಪೋರ್ಟ್ ಸಾಕಾ, ಇನ್ನೊಂದು ಐಪಿ ಬೇಕಾ?

ಹೊಸ_ಸರ್ವರ್:
ಒಂದು ವಿಪಿಎಸ್‌ನಲ್ಲಿ (ಬಾಡಿಗೆ ವರ್ಚುವಲ್ ಸರ್ವರ್) ಎರಡು ವೆಬ್ ಆ್ಯಪ್ ಇಟ್ಟಿದ್ದೇನೆ. ಒಂದು ಪೋರ್ಟ್ (ಒಂದೇ ಐಪಿಯಲ್ಲಿ ಸೇವೆಗಳನ್ನು ಬೇರ್ಪಡಿಸುವ ಬಾಗಿಲಿನ ಸಂಖ್ಯೆ) 443ರಲ್ಲಿ, ಇನ್ನೊಂದು 8443ರಲ್ಲಿ. ಒಂದಕ್ಕೆ ಲಾಗಿನ್ ಆದರೆ ಇನ್ನೊಂದು ತಾನಾಗೇ ಲಾಗೌಟ್ ಆಗುತ್ತದೆ. ಆಫೀಸ್ ನೆಟ್‌ವರ್ಕ್‌ನಲ್ಲಿರುವ ಕೆಲವರಿಗಂತೂ 8443 ತೆರೆಯುವುದೇ ಇಲ್ಲ, ಸುಮ್ನೆ ಸುತ್ತುತ್ತಿರುತ್ತದೆ. ಇನ್ನೊಂದು ಐಪಿ ತಗೊಂಡುಬಿಡಲಾ?

ಹಳೇ_ಟರ್ಮಿನಲ್:
ಸ್ವಲ್ಪ ತಾಳಿ. ಎರಡರ ಸೆಷನ್ ಕುಕಿಯ (ಲಾಗಿನ್ ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಗುರುತು) ಹೆಸರೂ ಒಂದೇನಾ?

ಹೊಸ_ಸರ್ವರ್:
ಹೌದು, ಎರಡೂ ಜ್ಯಾಂಗೋ ಫ್ರೇಮ್‌ವರ್ಕ್‌ನಲ್ಲಿ ಮಾಡಿದ್ದು. ಹೆಸರು ‘ಸೆಷನ್‌ಐಡಿ’.

ಹಳೇ_ಟರ್ಮಿನಲ್:
ಕಳ್ಳ ಸಿಕ್ಕ! ಕುಕಿ ಇಡುವಾಗ ಬ್ರೌಸರ್ ಹೋಸ್ಟ್ ಹೆಸರು ನೋಡುತ್ತದೆ, ಪೋರ್ಟ್ ನೋಡುವುದೇ ಇಲ್ಲ. 443 ಕೊಟ್ಟ ಕುಕಿಯ ಮೇಲೆ 8443 ತನ್ನದನ್ನು ಬರೆಯುತ್ತಿದೆ. ನಾನೂ ಒಮ್ಮೆ ಇದಕ್ಕೇ ಎರಡು ದಿನ ಕೋಡ್ ಕೆದಕಿದ್ದೆ. ಆಫೀಸ್ ತೊಂದರೆಗೆ ಕಾರಣ ಫೈರ್‌ವಾಲ್ ಇರಬೇಕು. ಎಷ್ಟೋ ಕಡೆ ಹೊರಗೆ ಹೋಗಲು 80, 443 ಬಿಟ್ಟು ಬೇರೆ ದಾರಿ ಕೊಡುವುದಿಲ್ಲ.

ಎರಡು ಸಬ್‌ಡೊಮೇನ್ ಮಾಡಿ, ಎರಡನ್ನೂ ಈಗಿನ ಐಪಿಗೇ ತೋರಿಸಿ. 443ರಲ್ಲಿ ಎಂಜಿನ್‌ಎಕ್ಸ್ (ಬಂದ ಕೋರಿಕೆಯನ್ನು ಸರಿಯಾದ ಆ್ಯಪ್‌ಗೆ ಕಳಿಸುವ ವೆಬ್ ಸರ್ವರ್) ಕೂರಲಿ. ಆ್ಯಪ್‌ಗಳು ಅದರ ಹಿಂದೆ 127.0.0.1ರ (ಮೆಷಿನ್ ತನಗೆ ತಾನೇ ಬಳಸುವ ಒಳಗಿನ ಅಡ್ರೆಸ್) 8001, 8002ರಲ್ಲಿರಲಿ. ಎಸ್‌ಎನ್‌ಐ (ಯಾವ ಹೆಸರಿನ ಸೈಟ್ ಬೇಕೆಂದು ಬ್ರೌಸರ್ ಮೊದಲೇ ಹೇಳುವ ವ್ಯವಸ್ಥೆ) ಇರುವುದರಿಂದ ಒಂದೇ ಐಪಿಯಲ್ಲಿ ಎರಡು ಸರ್ಟಿಫಿಕೇಟ್ ನಡೆಯುತ್ತದೆ. ಆದರೆ ಕುಕಿ ಡೊಮೇನ್ ಸೆಟ್ಟಿಂಗ್ ಖಾಲಿ ಬಿಡಿ. ಅಲ್ಲಿ ಮೂಲ ಡೊಮೇನ್ ಹಾಕಿದರೆ ಮತ್ತೆ ಅದೇ ಜಗಳ.

ಹೊಸ_ಸರ್ವರ್:
ಮಾಡಿದೆ. ಎಂಜಿನ್‌ಎಕ್ಸ್ ಏಳುತ್ತಿಲ್ಲ. ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅನ್ನುತ್ತಿದೆ.

ಹಳೇ_ಟರ್ಮಿನಲ್:
ಹಳೇ ಆ್ಯಪ್ ಇನ್ನೂ 0.0.0.0ರ 443 ಹಿಡಿದು ಕೂತಿರುತ್ತದೆ. ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಓಡಿಸಿ, ಯಾವ ಪ್ರೋಗ್ರಾಂ ಅಂತ ಕಾಣುತ್ತದೆ. 0.0.0.0 ಅಂದರೆ ಮೆಷಿನ್‌ನಲ್ಲಿರುವ ಎಲ್ಲಾ ಐಪಿವಿ4 ಅಡ್ರೆಸ್‌ಗಳೂ ಸೇರಿದವು. ಹೊಸ ಐಪಿ ತಂದಿದ್ದರೂ ಇದೇ ಎರರ್ ನೋಡುತ್ತಿದ್ದಿರಿ.

ರಾತ್ರಿಪಾಳಿ:
ಹಾಗಾದ್ರೆ ಎರಡನೇ ಐಪಿ ಬೇಕಾಗೋದೇ ಇಲ್ವಾ?

ಹಳೇ_ಟರ್ಮಿನಲ್:
ಮೇಲ್ ಸರ್ವರ್‌ಗೆ ಬೇಕಾಗಬಹುದು. ಹೊರಗಿನ ಮೇಲ್ ಸರ್ವರ್‌ಗಳು ಪೋರ್ಟ್ 25ಕ್ಕೇ ಬರುತ್ತವೆ, ನೀವು 2525 ಇಟ್ಟರೆ ಅವಕ್ಕೆ ಗೊತ್ತಾಗುವುದಿಲ್ಲ. ಒಂದೇ ಮೆಷಿನ್‌ನಲ್ಲಿ ಸಂಬಂಧವಿಲ್ಲದ ಎರಡು ಮೇಲ್ ಸರ್ವರ್ ಓಡಿಸುವುದಾದರೆ ಎರಡು ಐಪಿ ಇಡಿ. ಒಂದೊಂದಕ್ಕೂ ಅದರದೇ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ತಿಳಿಸುವ ದಾಖಲೆ) ಹಾಕಬಹುದು. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗಾದರೆ ಪೋರ್ಟ್ 2222 ಸಾಕು. ಬಳಸುವವರು ನೀವೊಬ್ಬರೇ ಅಲ್ವಾ?

ಹೊಸ_ಸರ್ವರ್:
ಸಿಕ್ಕಿತು, ಹಳೇ ಪ್ರೋಸೆಸ್ ಸತ್ತಿರಲೇ ಇಲ್ಲ. ಈಗ ಎರಡೂ ಕಡೆ ಲಾಗಿನ್ ಉಳಿಯುತ್ತಿದೆ. 8443 ಮುಚ್ಚಿದೆ.