ಹಸೆ ಚಿತ್ತಾರವೂ ಕಸೂತಿಯೂ ಸೇರಿದ ಲಗ್ನಪತ್ರಿಕೆ 20,000 ರೂಪಾಯಿಯೊಳಗೆ ಆಗಬಹುದೇ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ಬರುವ ಕಾರ್ತಿಕ ಮಾಸದಲ್ಲಿ ನನ್ನ ಮದುವೆ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಹುಡುಗನ ಮನೆಯವರು ಧಾರವಾಡದವರು. ನಾವಿಬ್ಬರೂ ನೌಕರಿಯಲ್ಲಿರುವುದು ಬೆಂಗಳೂರಿನಲ್ಲಿ. ಧಾರೆ ಸಾಗರದಲ್ಲಿ ನಡೆಯುತ್ತದೆ, ಮುಂದಿನ ವಾರ ಆರತಕ್ಷತೆ ಧಾರವಾಡದಲ್ಲಿ. ಎರಡೂ ಮನೆಯವರು ಸೇರಿ ಲಗ್ನಪತ್ರಿಕೆಗೆಂದು 20,000 ರೂಪಾಯಿ ಎತ್ತಿಟ್ಟಿದ್ದಾರೆ. 500 ಪತ್ರಿಕೆಗಳಾದರೂ ಬೇಕು ಎನ್ನುತ್ತಿದ್ದಾರೆ.

ನನ್ನ ಅಜ್ಜಿ ಊರಿನ ಮದುವೆಮನೆಗಳಿಗೆ ಹೋಗಿ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಿದ್ದವರು. ನಮ್ಮ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ ಅದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಅವರು ಎಳೆಯುವ ಗೆರೆ ಎಂಬತ್ತು ದಾಟಿದ ಈ ವಯಸ್ಸಿನಲ್ಲೂ ನಡುಗುವುದಿಲ್ಲ. ಅತ್ತೆಯಾಗಲಿರುವವರು ಕಸೂತಿ ಹಾಕುತ್ತಾರೆ. ನಿಶ್ಚಿತಾರ್ಥದಲ್ಲಿ ಅವರು ಉಡಿಸಿದ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆಗಳನ್ನು ತಮ್ಮ ಕೈಯಿಂದಲೇ ತುಂಬಿದ್ದರು. ಈ ಇಬ್ಬರ ಕೆಲಸವೂ ಪತ್ರಿಕೆಯಲ್ಲಿ ಕಾಣಬೇಕೆಂಬುದು ನಮ್ಮ ಆಸೆ.

ಕಳೆದ ಶನಿವಾರ ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಆರು ಅಂಗಡಿ ತಿರುಗಿದೆವು. ಎಲ್ಲೆಡೆ ತೋರಿಸಿದ್ದು ಲೇಸರ್‌ನಲ್ಲಿ ಕತ್ತರಿಸಿದ ನವಿಲು, ಮಖಮಲ್ಲಿನ ಪೆಟ್ಟಿಗೆ, ಚಿನ್ನದ ಬಣ್ಣದ ಫಾಯಿಲ್. ಅಪ್ಪನಿಗೆ ಹಿಡಿಸಿದ, ಚಿನ್ನದ ಫಾಯಿಲ್ ಅಕ್ಷರದ ಮರೂನ್ ಕಾರ್ಡಿಗೆ ಒಂದಕ್ಕೆ 70 ರೂಪಾಯಿ ಹೇಳಿದರು. 500ಕ್ಕೆ 35,000 ಆಗುತ್ತದೆ. ಆ ಹಣವನ್ನು ಹೊಂದಿಸಿದರೂ ಅದರಲ್ಲಿ ನಮ್ಮ ಮನೆಯದು ಎನ್ನುವಂಥದ್ದು ಏನೂ ಇರುವುದಿಲ್ಲ. ಅನುಭವವಿದ್ದವರು ದಯವಿಟ್ಟು ದಾರಿ ತೋರಿಸಬೇಕು.

ಅಚ್ಚಿನಮನೆ:

ಹುಬ್ಬಳ್ಳಿಯಲ್ಲಿ 28 ವರ್ಷಗಳಿಂದ ಮುದ್ರಣದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಆಸೆ ದುಬಾರಿಯದಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹಸೆಯಾಗಲಿ ಕಸೂತಿಯಾಗಲಿ ಗೆರೆಯ ಕಲೆ. ಅಚ್ಚಿಗೆ ಬೇಕಾಗುವುದು ಒಂದೇ ಬಣ್ಣ. ಆಫ್‌ಸೆಟ್ ಎಂಬ ಮಾಮೂಲಿ ಯಂತ್ರಮುದ್ರಣದಲ್ಲಿ ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಪ್ಲೇಟ್, ಅಂದರೆ ಅಚ್ಚಿನ ತಗಡು ಆಗಬೇಕು. ಬಹುವರ್ಣದ ಚಿತ್ರಕ್ಕೆ ನಾಲ್ಕು ಪ್ಲೇಟ್. ಫಾಯಿಲ್ ಬೇಕೆಂದರೆ ಅದಕ್ಕೆ ಲೋಹದ ಬ್ಲಾಕ್ ಮಾಡಿಸಿ, ಕಾರ್ಡನ್ನು ಇನ್ನೊಮ್ಮೆ ಯಂತ್ರಕ್ಕೆ ಕೊಡಬೇಕು. ನಿಮಗೆ ಹೇಳಿದ 70 ರೂಪಾಯಿಯ ಬಹುಪಾಲು ಹೋಗುವುದು ಇಂಥವುಗಳಿಗೆ.

ನನ್ನ ಸಲಹೆ ಹೀಗಿದೆ. ಹಸೆಯನ್ನು ಲಕೋಟೆಗೆ ಕೊಡಿ, ಕಸೂತಿಯನ್ನು ಕಾರ್ಡಿಗೆ ಕೊಡಿ. ಕೆಮ್ಮಣ್ಣಿನ ಬಣ್ಣದ ಲಕೋಟೆಗಳು ಸಿದ್ಧವಾಗಿಯೇ ಸಿಗುತ್ತವೆ. ಅದರ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಅಂದರೆ ಜಾಲರಿಯ ಮೂಲಕ ಶಾಯಿ ಒತ್ತುವ ವಿಧಾನದಲ್ಲಿ, ಬಿಳಿ ಶಾಯಿ ಹಾಕಿಸಿದರೆ ಅಜ್ಜಿಯ ಗೋಡೆಯೇ ಕೈಗೆ ಬಂದಂತಾಗುತ್ತದೆ. ಮಾಮೂಲಿ ಆಫ್‌ಸೆಟ್ ಶಾಯಿಗಳಿಗೆ ಬಣ್ಣದ ಕಾಗದವನ್ನು ಮುಚ್ಚುವ ಶಕ್ತಿಯಿಲ್ಲ. ಸ್ಕ್ರೀನಿನ ಶಾಯಿ ದಪ್ಪನಾಗಿ ಕೂರುವುದರಿಂದ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಕಾರ್ಡಿಗೆ 300 ಜಿಎಸ್ಎಂನ ದಂತವರ್ಣದ ಹಾಳೆ ಸಾಕು. ಒಂದು ಚದರ ಮೀಟರ್ ಹಾಳೆ 300 ಗ್ರಾಂ ತೂಗುತ್ತದೆ ಎಂದು ಅದರ ಅರ್ಥ. 5x7 ಇಂಚಿನ ಕಾರ್ಡು ಸುಮಾರು 7 ಗ್ರಾಂ ಆಗುತ್ತದೆ, ಕೈಗೆ ಗಟ್ಟಿಯಾಗಿಯೂ ಇರುತ್ತದೆ. ಲಕೋಟೆಯ ಅಳತೆಯನ್ನು ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕಂತೆ ಕಾರ್ಡು ಕತ್ತರಿಸಿರಿ. ಕಾರ್ಡು ಮುಗಿಸಿಕೊಂಡು ಲಕೋಟೆ ಹುಡುಕಿದವರು ಕೊನೆಗೆ ಲಕೋಟೆಯನ್ನೂ ಮಾಡಿಸಬೇಕಾಗಿ ಬಂದು ಕೈಸುಟ್ಟುಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಅಜ್ಜಿಯವರ ಚಿತ್ತಾರಕ್ಕಾಗಿ ಗೋಡೆಯ ಫೋಟೋ ತೆಗೆಯಬೇಡಿ. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ, ಬೇಕಾದ ಅಳತೆಗೆ ಎರಡರಷ್ಟು ದೊಡ್ಡದಾಗಿ ಬರೆಯಿಸಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿರಿ. ಅರ್ಧಕ್ಕೆ ಇಳಿಸಿದಾಗ ಗೆರೆಯೂ ಅರ್ಧವಾಗುವುದರಿಂದ, ಮೂಲದಲ್ಲಿ ಯಾವ ಗೆರೆಯೂ ಒಂದು ಮಿಲಿಮೀಟರಿಗಿಂತ ತೆಳ್ಳಗಿರದಂತೆ ನೋಡಿಕೊಳ್ಳಿ. ಇಷ್ಟನ್ನು ನಮ್ಮಲ್ಲಿ ಮಾಡಿಸಿದರೆ, 400 ಪ್ರತಿಗಳಿಗೆ ಲಕೋಟೆಯೂ ಸೇರಿ ಒಂದಕ್ಕೆ 35ರಿಂದ 40 ರೂಪಾಯಿಯ ಅಂದಾಜು ಕೊಡುತ್ತೇನೆ.

ಹೋದ ವರ್ಷದ ಮದುಮಗ:

ತಂದೆಯವರು ಮರೂನ್ ಮೇಲೆ ಚಿನ್ನದ ಅಕ್ಷರ ಕೇಳುತ್ತಿದ್ದಾರೆ ಎಂದು ಓದಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಪತ್ರಿಕೆಯೂ ಹಾಗೆಯೇ ಇತ್ತು. ಕನ್ನಡದ ಕೆಲವು ಅಕ್ಷರಗಳ ನಡುವಿನ ವ್ಯತ್ಯಾಸ ತೀರಾ ಸಣ್ಣದು: ದ ಮತ್ತು ಧ ಬೇರೆಯಾಗುವುದು ಕೆಳಗಿನ ಒಂದು ಸೀಳಿನಿಂದ, ಧ ಮತ್ತು ಥ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ. ಸಣ್ಣ ಅಕ್ಷರಗಳಿಗೆ ಫಾಯಿಲ್ ಒತ್ತಿದಾಗ ಈ ಸೀಳು ಮುಚ್ಚಿಹೋಗಿ ನಮ್ಮ 'ಧಾರಾಮುಹೂರ್ತ' 'ದಾರಾಮುಹೂರ್ತ'ವಾಯಿತು. ದೀಪದ ಬೆಳಕಿಗೆ ಹಿಡಿದರೆ ಚಿನ್ನ ಹೊಳೆದು ಏನೂ ಕಾಣದು. ಊರಿನ ಹಿರಿಯರೊಬ್ಬರು ಪತ್ರಿಕೆಯನ್ನು ಅತ್ತಿತ್ತ ವಾಲಿಸುತ್ತಾ ಮುಹೂರ್ತದ ವೇಳೆ ಹುಡುಕುತ್ತಿದ್ದುದನ್ನು ಕಂಡು ನನಗೆ ನಿಜವಾಗಿ ಸಂಕಟವಾಯಿತು. ಫಾಯಿಲ್ ಬೇಕೇಬೇಕು ಎಂದಾದರೆ ವಧೂವರರ ಹೆಸರಿಗೆ ಮಾತ್ರ, ದೊಡ್ಡ ಅಕ್ಷರದಲ್ಲಿ ಹಾಕಿಸಿ.

ಇನ್ನೊಂದು ತೊಂದರೆ ಫಾಂಟಿನದು. ನಾವು ಯೂನಿಕೋಡಿನಲ್ಲಿ, ಅಂದರೆ ಫೋನುಗಳು ಬಳಸುವ ಅಕ್ಷರಸಂಕೇತದಲ್ಲಿ, ಟೈಪು ಮಾಡಿ ವಾಟ್ಸಾಪಿನಲ್ಲಿ ಕಳುಹಿಸಿದ ಒಕ್ಕಣೆಯನ್ನು ಮುದ್ರಣಾಲಯದವರು ಹಳೆಯ ತಂತ್ರಾಂಶಕ್ಕೆ ಬದಲಾಯಿಸಿಕೊಂಡಾಗ ಒತ್ತಕ್ಷರಗಳು ಬಿಡಿಬಿಡಿಯಾದವು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿತು. ಕರಡು ನೋಡುವಾಗ ನಾವು ಹೆಸರುಗಳನ್ನಷ್ಟೇ ನೋಡಿದೆವು, ತಪ್ಪು ನಮ್ಮದೂ ಇದೆ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮದಂತಹ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಪುಟ ಸಿದ್ಧಪಡಿಸಿ, ಅಕ್ಷರಗಳನ್ನೆಲ್ಲ ಆಕೃತಿಗಳಾಗಿ ಬದಲಾಯಿಸಿದ ಪಿಡಿಎಫ್ ಕೊಟ್ಟರೆ ಯಾವ ಯಂತ್ರದಲ್ಲೂ ಒತ್ತು ಕೀಳುವುದಿಲ್ಲ.

ಧಾರವಾಡದ ಅಕ್ಕ:

ತಂಗಿ, ನಾನು ಮೂರು ಮಕ್ಕಳ ಮದುವೆ ಮಾಡಿದವಳು. 500 ಎಂಬ ಲೆಕ್ಕ ಎಲ್ಲಿಂದ ಬಂತು ಎಂದು ಮನೆಯಲ್ಲಿ ಕೇಳು. ಬಹಳಷ್ಟು ಕಡೆ ತಲೆ ಎಣಿಸುತ್ತಾರೆ, ಎಣಿಸಬೇಕಾದ್ದು ಒಲೆ. ಒಂದು ಮನೆಗೆ ಒಂದೇ ಪತ್ರಿಕೆ. ಬೆಂಗಳೂರಿನ ಗೆಳೆಯರಿಗೆ, ಆಫೀಸಿನವರಿಗೆ ಅದೇ ವಿನ್ಯಾಸವನ್ನು ಫೋನಿನಲ್ಲಿ ಕಳಿಸಿದರೆ ಅವರು ಬೇಸರ ಮಾಡುವುದಿಲ್ಲ. ಆದರೆ ಸೋದರಮಾವನಿಗೂ ಅತ್ತೆಯಂದಿರಿಗೂ ಮನೆಗೆ ಹೋಗಿ, ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಪತ್ರಿಕೆಯನ್ನು ಅಕ್ಷತೆ ಕೊಟ್ಟು ಕರೆಯಬೇಕು. ಅಲ್ಲಿ ಫೋನು ನಡೆಯದು. ಮೊದಲ ಪತ್ರಿಕೆ ಮನೆದೇವರಿಗೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಒಕ್ಕಣೆಯಲ್ಲಿ ಎರಡೂ ಸೀಮೆಯ ಮಾತು ಇರಲಿ. ನಿಮ್ಮ ಕಡೆ ಧಾರೆ ಎನ್ನುತ್ತೀರಿ, ನಮ್ಮ ಕಡೆಯವರು ಪತ್ರಿಕೆ ತೆರೆದೊಡನೆ ಹುಡುಕುವುದು 'ಅಕ್ಷತಾರೋಪಣ' ಎಷ್ಟು ಗಂಟೆಗೆ ಎಂದು. 'ಶಾಲಿವಾಹನ ಶಕ 1948ನೆಯ ಪರಾಭವ ನಾಮ ಸಂವತ್ಸರ' ಎಂಬ ಸಾಲನ್ನು ಹಿರಿಯರಿಗಾಗಿ ಉಳಿಸಿಕೊಳ್ಳಿ. ಚಿಕ್ಕಪ್ಪ, ದೊಡ್ಡಪ್ಪ, ಮೊಮ್ಮಕ್ಕಳ ಉದ್ದನೆಯ ಪಟ್ಟಿಯನ್ನು ಬಿಟ್ಟುಬಿಡಿ. ಒಬ್ಬರ ಹೆಸರು ತಪ್ಪಿತೆಂದು ಮುನಿಸು ಹುಟ್ಟುವುದು ಪಟ್ಟಿ ಇದ್ದಾಗಲೇ.

ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಆದ್ದರಿಂದ ಇಬ್ಬರ ಹೆಸರೂ ಆಧಾರ್‌ನಲ್ಲಿರುವಂತೆಯೇ ಇರಲಿ, ಮದುವೆ ನಡೆಯುವ ಸ್ಥಳ ಮತ್ತು ತಾರೀಖು ಸ್ಪಷ್ಟವಾಗಿರಲಿ, ನಾಲ್ಕು ಪ್ರತಿಗಳನ್ನು ಕಪಾಟಿನಲ್ಲಿ ತೆಗೆದಿಡು. ತಾರೀಖಿಗೂ ವಾರಕ್ಕೂ ತಾಳೆಯಾಗುವುದೇ ಎಂದು ಪಂಚಾಂಗ ಹಿಡಿದು ಬೇರೆಯವರಿಂದ ಗಟ್ಟಿಯಾಗಿ ಓದಿಸು.

ಸಾಗರದವಳು:

ಮೂವರಿಗೂ ಮನಸಾರೆ ಧನ್ಯವಾದಗಳು. ಒಲೆ ಎಣಿಸಿದಾಗ ಎರಡೂ ಕಡೆಯಿಂದ 340 ಮನೆಗಳಾದವು. ಕೈಮೀಸಲು 60 ಸೇರಿಸಿ 400 ಎಂದು ಒಪ್ಪಿಕೊಂಡೆವು. ಒಂದಕ್ಕೆ 40ರಂತೆ 16,000. ಉಳಿದ 4,000 ಪುಟ ಜೋಡಿಸಿಕೊಡುವವರಿಗೂ ಕರಡು ಪ್ರತಿಗಳಿಗೂ ಆಗುತ್ತದೆ. 'ದಾರಾಮುಹೂರ್ತ'ದ ಪ್ರಸಂಗವನ್ನು ಓದಿ ಹೇಳಿದ ಮೇಲೆ ಅಪ್ಪ ಫಾಯಿಲಿನ ಮಾತು ಬಿಟ್ಟಿದ್ದಾರೆ, ಆದರೆ ಮರೂನ್ ಬಣ್ಣ ಇರಲೇಬೇಕಂತೆ. ದಂತವರ್ಣದ ಹಾಳೆಯ ಮೇಲೆ ಅಕ್ಷರಗಳೇ ಮರೂನ್ ಆಗಲಿವೆ.

ಅತ್ತೆಯವರಿಗೆ ಫೋನು ಮಾಡಿದಾಗ ಒಂದು ಮಾತು ಹೇಳಿದರು. ಕಸೂತಿಯ ಗವಂತಿ ಹೊಲಿಗೆಗೆ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಮಗ್ಗುಲಲ್ಲಿ ಅದು ಒಂದೇ ರೀತಿ ಕಾಣುತ್ತದೆ. ಅದರಿಂದಲೇ ಕಾರ್ಡಿನ ದಾರಿ ಹೊಳೆಯಿತು: ಒಂದು ಮಗ್ಗುಲಲ್ಲಿ ಸಾಗರದ ಧಾರೆ, ಇನ್ನೊಂದರಲ್ಲಿ ಧಾರವಾಡದ ಆರತಕ್ಷತೆ, ಎರಡಕ್ಕೂ ಅದೇ ಗೋಪುರದ ಅಂಚು. ಹಿಂದು ಮುಂದು ಎಂಬುದು ಯಾವ ಮನೆಗೂ ಇಲ್ಲ.

ನಿನ್ನೆ ಅಜ್ಜಿಗೆ ಡ್ರಾಯಿಂಗ್ ಹಾಳೆಯನ್ನೂ ಕಪ್ಪು ಶಾಯಿಯನ್ನೂ ಕೊಟ್ಟೆ. ಕೊಳವೆಯ ಪೆನ್ನನ್ನು ಬದಿಗಿಟ್ಟು ಪುಂಡಿನಾರು ತರಿಸಿಕೊಂಡರು. ಗೆರೆಗಳನ್ನು ಅಳೆದು ನೋಡಿದೆ, ಎಲ್ಲಿಯೂ ಒಂದೂವರೆ ಮಿಲಿಮೀಟರಿಗಿಂತ ಕಡಿಮೆಯಿಲ್ಲ. ಸೋಮವಾರ ಸ್ಕ್ಯಾನ್ ಮಾಡಿಸುತ್ತೇನೆ. ಅಚ್ಚಿನಮನೆಯವರೇ, ಕರಡು ಸಿದ್ಧವಾದಾಗ ಹುಬ್ಬಳ್ಳಿಗೇ ಬಂದು ಕಾಣುತ್ತೇವೆ.