ಜಂಬಿಟ್ಟಿಗೆ ಗುಂಡಿಗೆ ಸುರಿದ ಡ್ರಮ್‌ಗಳು: ಕೇಸು ಯಾರ ಮೇಲೆ?

ಪ್ರಶ್ನೆ – ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು

ವಕೀಲರಿಗೆ ನಮಸ್ಕಾರ. ನಮ್ಮ ತೋಟದ ಮೇಲ್ಭಾಗದಲ್ಲಿ ಅಪ್ಪನ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲು ತೆಗೆದ ಗುಂಡಿಯೊಂದಿದೆ. ಕಳೆದ ತಿಂಗಳು ಪರಿಚಯದವರೊಬ್ಬರು, ಕಟ್ಟಡ ಒಡೆದ ಮಣ್ಣು ಇದೆ, ಗುಂಡಿ ತುಂಬಿಸಿಕೊಡುತ್ತೇವೆ ಎಂದರು. ಒಪ್ಪಿದೆ. ಐದು ಸಾವಿರ ರೂಪಾಯಿಯನ್ನೂ ಕೊಟ್ಟರು. ಮಣ್ಣು ಬಂದದ್ದು ಎರಡೇ ಲೋಡು. ಆಮೇಲೆ ರಾತ್ರಿ ಬಂದ ಲಾರಿಗಳು ನೀಲಿ ಡ್ರಮ್‌ಗಳನ್ನೂ ಕಪ್ಪು ಕೆಸರಿನಂಥ ವಸ್ತುವನ್ನೂ ಸುರಿದು ಹೋಗಿವೆ. ಹತ್ತಿರ ಹೋದರೆ ಕಣ್ಣು ಉರಿಯುತ್ತದೆ. ಗುಂಡಿಯ ಕೆಳಗೆ ಏಳೆಂಟು ಮನೆಯವರು ಪೈಪ್ ಹಾಕಿಕೊಂಡಿರುವ ಅಬ್ಬಿ, ಅಂದರೆ ನೀರಿನ ಒರತೆ, ಇದೆ. ಮಳೆಗಾಲಕ್ಕೆ ಮೊದಲು ಜೆಸಿಬಿ ತರಿಸಿ ಮುಚ್ಚಿಸಿಬಿಡಲೇ? ದೂರು ಕೊಟ್ಟರೆ ನನ್ನ ಮೇಲೆಯೇ ಕೇಸು ಬೀಳುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ.

ಉತ್ತರ – ವಕೀಲ, ಶಿವಮೊಗ್ಗ

ಜೆಸಿಬಿಯವರಿಗೆ ಬರಬೇಡಿ ಎಂದು ಈಗಲೇ ಹೇಳಿ. ಜಂಬಿಟ್ಟಿಗೆ ಕಲ್ಲಿನ ಮೈತುಂಬ ತೂತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೇಲೆ ಎಷ್ಟು ಮಣ್ಣು ಎಳೆದರೂ ತಳದಲ್ಲಿ ಇಳಿದದ್ದು ಅಬ್ಬಿಗೆ ಬರುತ್ತದೆ.

ಇನ್ನು ನಿಮ್ಮ ಭಯದ ಮಾತು. ಭಾರತೀಯ ನ್ಯಾಯ ಸಂಹಿತೆಯ 286ನೇ ಕಲಂ ವಿಷವಸ್ತುವನ್ನು ಅಜಾಗರೂಕತೆಯಿಂದ ಬಳಸಿದವರಿಗೆ ಮಾತ್ರವಲ್ಲ, ತಮ್ಮ ವಶದಲ್ಲಿರುವ ವಿಷವಸ್ತುವಿನಿಂದ ಜನರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೂ ಅನ್ವಯಿಸುತ್ತದೆ. ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಜಾಗ ನಿಮ್ಮದು, ಗೊತ್ತಾದ ಮೇಲೂ ಸುಮ್ಮನಿದ್ದರೆ ಆ ಬೊಟ್ಟು ನಿಮ್ಮ ಕಡೆಗೂ ತಿರುಗಬಹುದು. ಗೊತ್ತಿದ್ದೂ ಮಣ್ಣು ಮುಚ್ಚಿದರೆ, ಅಪರಾಧಿಯನ್ನು ಉಳಿಸಲು ಸಾಕ್ಷ್ಯ ನಾಶ ಮಾಡಿದಿರಿ ಎಂದು 238ನೇ ಕಲಮಿನ ಪ್ರಶ್ನೆಯೂ ಏಳುತ್ತದೆ. ದೂರು ಕೊಡುವವನಿಗೆ ಅಪಾಯ ಎಂದು ಹೇಳುವವರು ವಿಷಯವನ್ನು ತಲೆಕೆಳಗು ಮಾಡಿ ಹೇಳುತ್ತಿದ್ದಾರೆ. ಪಡೆದ ಐದು ಸಾವಿರವನ್ನು ದೂರಿನಲ್ಲಿ ನೀವೇ ಬರೆಯಿರಿ. ಮುಚ್ಚಿಟ್ಟ ಹಣ ನಾಳೆ ಎದುರು ಪಕ್ಷದವರ ಬಾಯಿಂದ ಹೊರಬಂದರೆ ನಿಮ್ಮ ಉಳಿದ ಮಾತನ್ನು ಯಾರೂ ನಂಬುವುದಿಲ್ಲ.

ಡ್ರಮ್‌ಗಳ ಮೇಲೆ ಚೀಟಿ, ಬ್ಯಾಚ್ ಸಂಖ್ಯೆ, ಕೆರೆದು ಅಳಿಸಿದ ಗುರುತು ಏನಿದ್ದರೂ ದೂರದಿಂದಲೇ ಫೋಟೊ ತೆಗೆಯಿರಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೆ ನಾನು ನಡೆಸಿದ ಪ್ರಕರಣವೊಂದರಲ್ಲಿ ಊರಿನ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಡ್ರಮ್‌ಗಳನ್ನು ತೊಳೆದು ಬೇಲಿ ಬದಿಗೆ ಸಾಲಾಗಿ ಇಟ್ಟಿದ್ದರು. ಕಾರ್ಖಾನೆಯ ಹೆಸರಿದ್ದ ಅಂಗೈ ಅಗಲದ ಚೀಟಿ ನೀರಿನಲ್ಲಿ ಕರಗಿಹೋಗಿತ್ತು. ಕೇಸು ಅಲ್ಲಿಗೇ ನಿಂತಿತು. ಆ ನೋವು ನನಗೆ ಇನ್ನೂ ಇದೆ.

ಮಾದರಿಯನ್ನು ನೀವೇ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿ ಪ್ರಯೋಜನವಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆ, 1986ರ 11ನೇ ಕಲಂ ಪ್ರಕಾರ ಅಧಿಕೃತ ಅಧಿಕಾರಿ ನೋಟಿಸು ಕೊಟ್ಟು ತೆಗೆದು, ಮೊಹರು ಹಾಕಿದ ಮಾದರಿಯ ವರದಿಗೆ ಮಾತ್ರ ಆ ಕಾಯ್ದೆಯಡಿ ಬೆಲೆ. ಆದ್ದರಿಂದ ಪೊಲೀಸ್ ಠಾಣೆಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಪ್ರಾದೇಶಿಕ ಕಚೇರಿಗೂ ಒಂದೇ ದಿನ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಬ್ಬಿಯ ನೀರನ್ನು ಕುಡಿಯಬೇಡಿ ಎಂದು ಕೆಳಗಿನ ಮನೆಗಳಿಗೆ ಇವತ್ತೇ ತಿಳಿಸಿ, ಗ್ರಾಮ ಪಂಚಾಯಿತಿಗೂ ಬರೆದುಕೊಡಿ.

ಪ್ರಶ್ನೆ – ಅದೇ ಬೆಳೆಗಾರ

ಠಾಣೆಗೆ ಹೋಗಿದ್ದೆ ಸರ್. ಇದು ಮಂಡಳಿಯವರ ಕೆಲಸ, ನಮ್ಮದಲ್ಲ ಎಂದರು. ಸುರಿದವರಿಗೆ ಈಗ ಜೈಲೇ ಇಲ್ಲ, ಬರೀ ದಂಡ ಎಂದೂ ಹೇಳಿದರು. ನಿಜವೇ?

ಉತ್ತರ – ವಕೀಲ

ಅರ್ಧ ನಿಜ. ಪರಿಸರ ಕಾಯ್ದೆಯ 15ನೇ ಕಲಂನಲ್ಲಿ ಮೊದಲು ಐದು ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ್ ತಿದ್ದುಪಡಿ ಅದನ್ನು ತೆಗೆದು, 2024ರ ಏಪ್ರಿಲ್ 1ರಿಂದ ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡ ಮಾಡಿದೆ. ಆ ದಂಡ ಕಟ್ಟದಿದ್ದರೆ ಮಾತ್ರ ಮೂರು ವರ್ಷದವರೆಗೆ ಜೈಲು. ಕುಡಿಯುವ ನೀರಿಗೆ ವಿಷ ಬೆರೆಸುವವನಿಗೆ ಇಷ್ಟು ರಿಯಾಯಿತಿ ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ನ್ಯಾಯ ಸಂಹಿತೆಯ ಕಲಮುಗಳು ಹಾಗೆಯೇ ಇವೆ. 286 ಇದೆ, ಸಾರ್ವಜನಿಕ ಒರತೆಯ ನೀರು ಕೆಡಿಸಿದರೆ 279 ಇದೆ. ಎರಡೂ ಪೊಲೀಸರು ತಾವೇ ದಾಖಲಿಸಿಕೊಳ್ಳಬೇಕಾದ ಅಪರಾಧಗಳು. ಹಾಗಾಗಿ ದೂರಿನಲ್ಲಿ ‘ಪರಿಸರ ಮಾಲಿನ್ಯ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಅಬ್ಬಿ, ಅದನ್ನು ಕುಡಿಯುವ ಮನೆಗಳು, ಕಣ್ಣುರಿ, ಲಾರಿ ಬಂದ ರಾತ್ರಿಗಳು, ಎಲ್ಲವನ್ನೂ ಬರೆಯಿರಿ. ಆಗಲೂ ತೆಗೆದುಕೊಳ್ಳದಿದ್ದರೆ ಪೊಲೀಸ್ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಮಳೆ ಹತ್ತಿರವಿರುವುದರಿಂದ ಅದೇ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿಯಲ್ಲಿ ಸಾಗರದ ಉಪವಿಭಾಗಾಧಿಕಾರಿಗಳಿಗೂ ಅರ್ಜಿ ಹಾಕಿ. ಸಾರ್ವಜನಿಕ ಉಪದ್ರವವನ್ನು ತೆರವು ಮಾಡಿ ಎಂದು ಆದೇಶಿಸುವ ಅಧಿಕಾರ ಅವರಿಗಿದೆ.

ತೆರವಿನ ಖರ್ಚು ನಿಮ್ಮ ತಲೆಗೆ ಬರುತ್ತದೆ ಎಂದು ಈಗಲೇ ಕುಗ್ಗಬೇಡಿ. ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಬಾವಿಗಳು ಕಾರ್ಖಾನೆ ತ್ಯಾಜ್ಯದಿಂದ ಕೆಟ್ಟಾಗ, ಶುದ್ಧೀಕರಣದ ವೆಚ್ಚ ಮಲಿನ ಮಾಡಿದವರದೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿದೆ. ಪರಿಹಾರಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಬಹುದು.

ಪ್ರಶ್ನೆ – ಲಾರಿ ಚಾಲಕ, ಭದ್ರಾವತಿ

ನಾವು ಬಾಡಿಗೆಗೆ ಹೋಗುವವರು. ಒಳಗೆ ಏನಿದೆ ಎಂದು ಯಾರೂ ಹೇಳುವುದಿಲ್ಲ. ನಮ್ಮ ತಪ್ಪೇನು?

ಉತ್ತರ – ವಕೀಲ

ಅಣ್ಣಾ, ಅಪಾಯಕಾರಿ ತ್ಯಾಜ್ಯ ಹೊರಡುವಾಗ ಏಳು ಪ್ರತಿಗಳ ಸಾಗಣೆ ಚೀಟಿ ತಯಾರಾಗಬೇಕು ಎಂದು 2016ರ ನಿಯಮಗಳು ಹೇಳುತ್ತವೆ. ಕ್ರಮವಾಗಿ ಹೋಗುವ ಲೋಡು ದಾಬಸ್‌ಪೇಟೆಯ ವಿಲೇವಾರಿ ಘಟಕದಂಥ ಅನುಮತಿ ಪಡೆದ ಜಾಗಕ್ಕೆ ಹೋಗುತ್ತದೆ, ರಾತ್ರಿ ಎರಡು ಗಂಟೆಗೆ ಯಾರದೋ ಗುಂಡಿಗಲ್ಲ. ಚೀಟಿ ಇಲ್ಲದ ಡ್ರಮ್ ಹತ್ತಿಸಬೇಡಿ. ಮಾಲೀಕರು ಹೇಳಿದರು ಎಂಬ ಒಂದೇ ಮಾತು ನಿಮ್ಮನ್ನು ಉಳಿಸುವುದಿಲ್ಲ. ಈಗಾಗಲೇ ಸುರಿದು ಬಂದಿದ್ದರೆ ಇಲ್ಲಿ ಏನನ್ನೂ ಬರೆಯಬೇಡಿ. ಮೊದಲು ವಕೀಲರೊಬ್ಬರನ್ನು ಖುದ್ದಾಗಿ ಕಾಣಿ.

ಪ್ರಶ್ನೆ – ಬೆಳೆಗಾರ

ಇನ್ನೊಂದು ಹೇಳಲು ಮರೆತಿದ್ದೆ. ನಮ್ಮ ಕೆಲಸದವರೊಬ್ಬರು ಡ್ರಮ್ ಉಪಯೋಗಕ್ಕೆ ಬರುತ್ತದೆ ಎಂದು ಒಂದನ್ನು ಉರುಳಿಸಿಕೊಂಡು ಬಂದಿದ್ದರು. ಮೊಣಕೈವರೆಗೆ ಚರ್ಮ ಸುಲಿದು ಬೊಬ್ಬೆ ಎದ್ದಿದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದಾರೆ.

ಉತ್ತರ – ವಕೀಲ

ಉಳಿದದ್ದೆಲ್ಲ ಆಮೇಲೆ. ಅವರನ್ನು ಈಗಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವುದರಿಂದ ಆಯಿತು ಎಂದು ವೈದ್ಯರಿಗೆ ಬಿಡಿಸಿ ಹೇಳಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಲು ಕೇಳಿ. ಗಾಯವಾಗಿರುವುದರಿಂದ, ಅಜಾಗರೂಕತೆಯಿಂದ ಇತರರ ಜೀವಕ್ಕೆ ಅಪಾಯ ತರುವುದರ ಕುರಿತ ನ್ಯಾಯ ಸಂಹಿತೆಯ 125ನೇ ಕಲಮೂ ಸೇರುತ್ತದೆ. ಗಾಯ ತೀವ್ರವಾದದ್ದಾದರೆ ಮೂರು ವರ್ಷದವರೆಗೆ ಜೈಲು. ಅವರು ತಂದ ಡ್ರಮ್ಮನ್ನು ಯಾರೂ ಮುಟ್ಟದಂತೆ ಸುತ್ತ ಹಗ್ಗ ಕಟ್ಟಿಸಿ. ಆಸ್ಪತ್ರೆಯಿಂದ ಹೊರಟ ಕೂಡಲೇ ನನಗೆ ಫೋನ್ ಮಾಡಿ, ದೂರನ್ನು ಕೂತು ಒಟ್ಟಿಗೆ ಬರೆಯೋಣ.