ಸಹಾಯ ಬೇಕು: ಅರ್ಧ ಗಾಜು ತುಂಬಿದ ಕೆಪಾಸಿಟರ್‌ನಲ್ಲಿ ಡಿ (ಎಲೆಕ್ಟ್ರಿಕ್ ಡಿಸ್‌ಪ್ಲೇಸ್‌ಮೆಂಟ್) ಎರಡು ಥರ ಯಾಕೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡ್ತೀನಿ. ಒಬ್ಬಳು ಹುಡುಗಿ ಕೇಳಿದ ಪ್ರಶ್ನೆಗೆ ಅವಳ ಮಟ್ಟದಲ್ಲೇ ಉತ್ತರ ಕೊಡಬೇಕು, ದಾರಿ ತೋರಿಸಿ.

ಪ್ಲೇಟುಗಳ ನಡುವೆ 2 ಮಿ.ಮೀ. ಅಂತರ, 10 ವೋಲ್ಟ್ ಬ್ಯಾಟರಿ ಹಾಗೇ ಇದೆ. ಎಡಗಡೆ ಅರ್ಧ ಗಾಳಿ, ಬಲಗಡೆ ಅರ್ಧ ಗಾಜು, ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ 5 ಅಂತಿಟ್ಟುಕೊಳ್ಳಿ. ಎರಡೂ ಕಡೆ ವಿದ್ಯುತ್ ಕ್ಷೇತ್ರ ಒಂದೇ, ಮೀಟರಿಗೆ 5000 ವೋಲ್ಟ್. ಆದರೆ ಡಿ ಗಾಳಿಯಲ್ಲಿ ಚದರ ಮೀಟರಿಗೆ ಸುಮಾರು 44 ನ್ಯಾನೊಕೂಲಂ, ಗಾಜಿನಲ್ಲಿ 221. ಗಾಜಿನ ಪೋಲರೈಸೇಶನ್ (ಕ್ಷೇತ್ರದಿಂದ ಅಣುಗಳೊಳಗಿನ ಆವೇಶ ತುಸು ಸರಿಯೋದು) 177, ಅಷ್ಟೇ ಬಂಧಿತ ಆವೇಶ, ಅಂದ್ರೆ ಅಣುಗಳಿಗೇ ಅಂಟಿಕೊಂಡದ್ದು, ಅದರ ಮೈಮೇಲೆ ಬರುತ್ತೆ. 221ರಲ್ಲಿ ಅದನ್ನ ಕಳೆದ್ರೆ ಉಳಿಯೋದು ಅದೇ 44! ಇಡೀ ಅಧ್ಯಾಯದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು.

ಅವಳ ಪ್ರಶ್ನೆ: "ಡಿಗೆ ಪ್ಲೇಟಿನ ಮೇಲಿರೋ ಮುಕ್ತ ಆವೇಶ ಮಾತ್ರ ಕಾರಣ ಅಂತಾರಲ್ಲ ಸರ್, ಹಾಗಾದ್ರೆ ಆ ಆವೇಶ ಗಾಜಿನ ಕಡೆಗೇ ಜಾಸ್ತಿ ಸೇರಿದ್ದು ಯಾಕೆ?"

ಪೋಲರೈಸೇಶನ್ನೇ ಅದನ್ನ ಎಳೆದದ್ದು, ನಿಜ. ಮೇಲಾಗಿ ಗಾಳಿ ಗಾಜು ಸೇರೋ ಗೆರೆಯಲ್ಲಿ ಡಿ ಹಠಾತ್ತನೆ ಬದಲಾಗುತ್ತೆ. ಅಂದ್ರೆ ಗಾಸ್ ನಿಯಮ (ಮುಚ್ಚಿದ ಮೇಲ್ಮೈಯಿಂದ ಹೊರಡೋ ಒಟ್ಟು ಡಿ ಒಳಗಿನ ಮುಕ್ತ ಆವೇಶಕ್ಕೆ ಸಮ) ಒಂದರಿಂದಲೇ ಡಿ ನಿರ್ಧಾರ ಆಗಲ್ಲ. ಇದನ್ನ ಕರ್ಲ್ (ಕ್ಷೇತ್ರ ಎಷ್ಟು ಸುತ್ತುತ್ತೆ ಅಂತ ಹೇಳೋ ಗಣಿತ) ಎತ್ತದೆ ಹೇಳೋದು ಹೇಗೆ? ಒಳ್ಳೆ ಚಿತ್ರ ಇದ್ರೂ ಕಳಿಸಿ.

ಮೈಸೂರು ಕಡೆ ಯಾರ ಹತ್ರನಾದ್ರೂ ಪೈಕೊಫ್ಯಾರಡ್ ಅಳೆಯೋ ಎಲ್‌ಸಿಆರ್ ಮೀಟರ್ ಇದ್ರೆ ಒಂದು ದಿನಕ್ಕೆ ಕೊಡ್ತೀರಾ? ನಾನೇ ಬಂದು ತಗೊಂಡು ಹೋಗ್ತೀನಿ. 100 ಚದರ ಸೆಂ.ಮೀ. ಪ್ಲೇಟಿಗೆ ಕೆಪಾಸಿಟೆನ್ಸ್ 44 ಪೈಕೊಫ್ಯಾರಡ್ ಇದ್ದದ್ದು ಗಾಜು ಅರ್ಧ ತೂರಿಸಿದಾಗ 133ರ ಹತ್ರ ಹೋಗೋದನ್ನ ಮಕ್ಕಳು ಕಣ್ಣಾರೆ ನೋಡಲಿ.